ಉಪ್ಪಿನಕಾಯಿ ಭರಣಿಯಲ್ಲಿದ್ದ ಹಳೆಯ ಕ್ಯಾಮ್

ಚಿನ್ನು, ಗುಂಡ, ಇದನ್ನು ನಿಮಗಾಗಿ ಬರೆಯುತ್ತಿದ್ದೇನೆ. ನಾನು ಕನ್ನಡದಲ್ಲಿ ಕೇಳಿದರೆ ನೀವು ತಮಿಳಿನಲ್ಲಿ ಉತ್ತರ ಕೊಡುವವರು, ಆದ್ದರಿಂದ ನೀವೇ ಓದಿಕೊಳ್ಳಲು ಇನ್ನೂ ಕೆಲವು ವರ್ಷ ಬೇಕಾಗಬಹುದು. ಅಲ್ಲಿಯವರೆಗೆ ನಿಮ್ಮ ಅಮ್ಮನಿಂದ ಓದಿಸಿಕೊಳ್ಳಿ. ಅಪ್ಪನ ಕೈಗೆ ಕೊಡಬೇಡಿ. ಅವನು ತನಗೆ ಒಗ್ಗದ ಸಾಲುಗಳನ್ನು ಹಾರಿಸಿ ಓದುತ್ತಾನೆ.

ಬರೆಯಲು ಕೂತದ್ದು ಅವನ ದೆಸೆಯಿಂದಲೇ. ಹೋದ ವಾರ ಅವನು ಕಂಪ್ಯೂಟರಿನ ಮುಂದೆ ಕೂತು, ಮೆಟ್ಟಿಲ ಕೆಳಗೆ ನಿಂತಿರುವ ನಿಮ್ಮ ತಾತನ ಮೋಟಾರ್‌ಸೈಕಲ್ಲಿಗೆ ಹೊಸ ಕ್ಯಾಮ್ ಹುಡುಕುತ್ತಿದ್ದ. "ಅಮ್ಮಾ, ಇದನ್ನ ಹಾಕಿದ್ರೆ ಪವರ್ ಎಷ್ಟು ಜಾಸ್ತಿ ಆಗುತ್ತೆ ಗೊತ್ತಾ?" ಎಂದು ಕೇಳಿದ. ಗೊತ್ತು. ಈ ಮನೆಯಲ್ಲಿ ನನ್ನಷ್ಟು ಚೆನ್ನಾಗಿ ಅದು ಇನ್ನಾರಿಗೂ ಗೊತ್ತಿಲ್ಲ. ಆದರೆ ಎದುರಿಗೆ ನಿಂತು ಹೇಳುವ ಅಭ್ಯಾಸ ನನಗಿಲ್ಲ. ನಮ್ಮೂರ ಶಾಲೆಯಲ್ಲಿ ಏಳನೆಯ ಕ್ಲಾಸಿನವರೆಗೆ ಕಲಿತೆ; ಅಲ್ಲಿ ಹುಡುಗಿಯರಿಗೆ ದುಂಡಗೆ ಬರೆಯುವುದನ್ನು ಕಲಿಸಿದರು, ಬಾಯಿ ಬಿಡುವುದನ್ನು ಕಲಿಸಲಿಲ್ಲ. ಅದಕ್ಕೇ ಈ ಹಾಳೆಗಳು.

ನಿಮ್ಮ ತಾತ ರೈಲ್ವೆ ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದರು. ಬೋಗಿಯ ಒಂದು ಬೋಲ್ಟನ್ನು ಮೇಲಿನಿಂದ, ಮುಂದಿನಿಂದ, ಪಕ್ಕದಿಂದ ಹೀಗೆ ಮೂರು ಕಡೆಯಿಂದ ನೋಡಿ ಬರೆಯುತ್ತಿದ್ದರು. ಮನೆಯ ನಲ್ಲಿಯ ಬೋಲ್ಟನ್ನು ಮಾತ್ರ ಯಾವ ಕಡೆಯಿಂದಲೂ ತಿರುಗಿಸಿದವರಲ್ಲ; ಅದಕ್ಕೆ ನಾನಿದ್ದೆ. ಆಗ ನಾವು ಪುರಸೈವಾಕ್ಕಂನಲ್ಲಿ, ಜವಳಿ ಅಂಗಡಿಗಳ ಹಿಂದಿನ ಓಣಿಯಲ್ಲಿದ್ದೆವು. ನಿಮ್ಮ ಅಪ್ಪ ಕಾಲೇಜಿನ ಹಾಸ್ಟೆಲಿನಲ್ಲಿದ್ದ. ಮನೆಯಲ್ಲಿ ನಾವಿಬ್ಬರು, ಮೂರನೆಯದು ಮೋಟಾರ್‌ಸೈಕಲ್ಲು.

ನಾನು ಮದುವೆಯಾಗಿ ಬರುವ ಮೊದಲೇ ಕೊಂಡಿದ್ದ ಗಾಡಿ ಅದು. ಒಂದೇ ಸಿಲಿಂಡರು. ಡುಗ್, ಡುಗ್, ಡುಗ್ ಎಂದು ಒಂದೊಂದಾಗಿ ಎಣಿಸಬಹುದಾದ ಸದ್ದು. ನಾನು ಹಿಂದೆ ಒಂದೇ ಕಡೆಗೆ ಕಾಲು ಹಾಕಿ, ಮಡಿಲಲ್ಲಿ ಚೀಲ ಇಟ್ಟುಕೊಂಡು ಕೂರುತ್ತಿದ್ದೆ. ನಾನು ಕೂತಿದ್ದಾಗ ಅವರು ಮುಳ್ಳನ್ನು ನಲವತ್ತು ದಾಟಿಸಿದ್ದನ್ನು ನೋಡಿದ ನೆನಪಿಲ್ಲ. ನಾನು ಇಲ್ಲದಾಗ ದಾಟಿಸಿದ್ದೇನೆಂದು ಅವರೊಬ್ಬರೇ ಹೇಳುತ್ತಿದ್ದರು.

ಎರಡು ವಾರಕ್ಕೊಂದು ಭಾನುವಾರ ಆ ಗಾಡಿ ನನ್ನನ್ನು ಎಣ್ಣೂರಿಗೆ ಒಯ್ಯುತ್ತಿತ್ತು. ಅಲ್ಲಿ ನನ್ನ ಅಕ್ಕ ಇದ್ದಳು. ಭಾವನಿಗೆ ಅಲ್ಲಿಯ ವಿದ್ಯುತ್ ಸ್ಥಾವರದಲ್ಲಿ ಕೆಲಸ, ಕ್ವಾರ್ಟರ್ಸ್ ಮನೆ. ಮದ್ರಾಸಿಗೆ ಬಂದು ಇಪ್ಪತ್ತು ವರ್ಷವಾಗಿದ್ದರೂ ನನಗೆ ತರಕಾರಿಯವಳ ಹತ್ತಿರ ಬೆರಳು ತೋರಿಸುವಷ್ಟೇ ತಮಿಳು ಬರುತ್ತಿತ್ತು. ಓಣಿಯಲ್ಲಿ ನಾನು ಮೂಗಿ ಎಂದೇ ಕೆಲವರು ತಿಳಿದಿದ್ದರು. ಅಕ್ಕನ ಅಡುಗೆಮನೆಯ ಹೊಸ್ತಿಲು ದಾಟಿದ ಮೇಲೆ ನನ್ನ ಬಾಯಿ ಮುಚ್ಚುತ್ತಲೇ ಇರಲಿಲ್ಲ. ಎರಡು ವಾರದ ಮಾತನ್ನು ಒಂದು ದಿನದಲ್ಲಿ ಆಡಿ ಮುಗಿಸಿ ಬರುತ್ತಿದ್ದೆ. ಅವರ ಕ್ವಾರ್ಟರ್ಸಿಗೆ ತಿರುಗುವ ಕಡೆ ಒಂದು ಸಣ್ಣ ಸೇತುವೆಯಿತ್ತು. ಅಲ್ಲಿ ನಮ್ಮ ಗಾಡಿಯ ಸದ್ದು ಕೇಳಿದ ಕೂಡಲೇ ಅಕ್ಕ ಮುದ್ದೆಗೆ ಎಸರಿಡುತ್ತಿದ್ದಳು. ನಾವು ಮೆಟ್ಟಿಲು ಹತ್ತುವಾಗ ನೀರು ಕುದಿಯುತ್ತಿರುತ್ತಿತ್ತು.

ಆ ವರ್ಷ ಭಾವನಿಗೆ ನಿವೃತ್ತಿ. ಸಂಕ್ರಾಂತಿಗೆ ಮನೆ ಬಿಟ್ಟು ಊರಿಗೆ ಹೋಗುವುದೆಂದು ತೀರ್ಮಾನವಾಗಿತ್ತು. ನವರಾತ್ರಿಯ ಹೊತ್ತಿಗೆ ನಾನು ಕ್ಯಾಲೆಂಡರಿನಲ್ಲಿ ನೋಡಿದೆ: ಎಣ್ಣೂರಿನ ಭಾನುವಾರಗಳು ಇನ್ನು ಆರೇ ಇದ್ದವು.

ಅದಕ್ಕೆ ಒಂದೂವರೆ ತಿಂಗಳ ಮೊದಲೇ ನಿಮ್ಮ ತಾತನಿಗೆ ಒಂದು ಅವಮಾನವಾಗಿತ್ತು.

ಕೋಡಂಬಾಕ್ಕಂನಿಂದ ಬರುತ್ತಿದ್ದೆವು. ಅಲ್ಲಿಯ ಮೇಲ್ಸೇತುವೆಯ ಏರಿನಲ್ಲಿ ಗೇರಿಲ್ಲದ ಸಣ್ಣ ಗಾಡಿಯೊಂದು ನಮ್ಮನ್ನು ಹಿಂದೆ ಹಾಕಿತು. ಓಡಿಸುತ್ತಿದ್ದವಳು ಒಬ್ಬ ಹೆಂಗಸು. ಮುಂದೆ ಮಗು ನಿಂತಿತ್ತು, ಚೀಲದಿಂದ ನುಗ್ಗೇಕಾಯಿ ಹೊರಗೆ ಚಾಚಿತ್ತು. ಹೋಗುವಾಗ ಮಗು ನನಗೆ ಕೈ ಬೀಸಿತು. ನಾನೂ ಬೀಸಿದೆ. ನಿಮ್ಮ ತಾತ ಮನೆ ತಲುಪಿ, ಗಾಡಿಗೆ ಸ್ಟ್ಯಾಂಡ್ ಹಾಕಿದ ಮೇಲೆ ಅಂದರು, "ನುಗ್ಗೇಕಾಯಿ ಸಮೇತ ಓವರ್‌ಟೇಕ್ ಮಾಡ್ಕೊಂಡು ಹೋದ್ಲಲ್ಲೇ!"

ಮುಂದಿನ ವಾರ ನಮ್ಮ ವರಾಂಡದಲ್ಲಿ ಒಂದು ಸಮಿತಿ ಹುಟ್ಟಿತು. ಅದರಲ್ಲಿ ಮೂವರು. ನಿಮ್ಮ ತಾತ ಒಬ್ಬರು. ಇನ್ನೊಬ್ಬರು ಕೋಡಂಬಾಕ್ಕಂನ ಸ್ಟುಡಿಯೋದಲ್ಲಿ ಸೌಂಡ್ ರೆಕಾರ್ಡ್ ಮಾಡುತ್ತಿದ್ದು ನಿವೃತ್ತರಾದವರು. ಅವರನ್ನು ಸೌಂಡಿನವರು ಎನ್ನುತ್ತೇನೆ. ಯಾವ ಇಂಜಿನ್ನನ್ನೂ ಅವರು ಕಣ್ಣಿನಿಂದ ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿ, ಕಿವಿಗೆ ಕೈ ಹಿಡಿದು, "ಬೇಸ್ ಕಮ್ಮಿ ಆಗಿದೆ ಸಾರ್" ಎನ್ನುತ್ತಿದ್ದರು. ಮೂರನೆಯವರು ಬ್ಯಾಂಕಿನವರು. ಅವರ ಹತ್ತಿರ ಮೋಟಾರ್‌ಸೈಕಲ್ಲು ಇರಲಿಲ್ಲ, ಓಡಿಸಲೂ ಬರುತ್ತಿರಲಿಲ್ಲ. ಆದರೆ ಸಭೆ ನಡೆದಲ್ಲಿ ಅದರ ನಡಾವಳಿ ಬರೆಯದಿದ್ದರೆ ಅವರಿಗೆ ನಿದ್ದೆ ಹತ್ತುತ್ತಿರಲಿಲ್ಲ. ಇವರ ನಡುವೆ ನಾನು ಕಾಫಿ ತಂದಿಡುತ್ತಿದ್ದೆ. ಕಾಫಿಯ ವಿಷಯ ಯಾವ ನಡಾವಳಿಯಲ್ಲೂ ಬಂದಿಲ್ಲ.

ಕ್ಯಾಮ್ ಎಂದರೇನೆಂದು ನಾನು ಕಲಿತದ್ದು ಬಾಗಿಲ ಹಿಂದೆ ನಿಂತು. ಇಂಜಿನ್ನಿನೊಳಗೆ ಎರಡು ಸಣ್ಣ ಬಾಗಿಲುಗಳು. ಒಂದರಿಂದ ಪೆಟ್ರೋಲು ಬೆರೆತ ಗಾಳಿ ಒಳಗೆ ಬರುತ್ತದೆ, ಇನ್ನೊಂದರಿಂದ ಹೊಗೆ ಹೊರಗೆ ಹೋಗುತ್ತದೆ. ಪ್ರತಿ ಬಾಗಿಲಿಗೂ ಒಂದು ಹಲ್ಲಿನ ಚಕ್ರ, ಅದರ ಮೈಮೇಲೆ ಮೊಟ್ಟೆಯಂತೆ ಒಂದು ಉಬ್ಬು. ಚಕ್ರ ತಿರುಗಿದಾಗ ಉಬ್ಬು ಒಂದು ಕಡ್ಡಿಯನ್ನು ಮೇಲಕ್ಕೆ ತಳ್ಳುತ್ತದೆ, ಕಡ್ಡಿ ಬಾಗಿಲನ್ನು ತೆರೆಯುತ್ತದೆ. ಆ ಉಬ್ಬಿನ ಚಕ್ರವೇ ಕ್ಯಾಮ್. ಉಬ್ಬು ಎತ್ತರವಾಗಿದ್ದರೆ ಬಾಗಿಲು ಹೆಚ್ಚು ತೆರೆಯುತ್ತದೆ, ಅಗಲವಾಗಿದ್ದರೆ ಹೆಚ್ಚು ಹೊತ್ತು ತೆರೆದಿರುತ್ತದೆ. ಹೆಚ್ಚು ತೆರೆದರೆ ಹೆಚ್ಚು ಶಕ್ತಿ. ಸಮಿತಿಗೆ ತಿಳಿದದ್ದು ಇಷ್ಟು.

ಆರಿಸಲು ಮೂರು ಜೋಡಿಗಳಿದ್ದವು. ಗಾಡಿಯಲ್ಲೇ ಇದ್ದ ಹಳೆಯದು. ಅಂಬತ್ತೂರಿನ ಲೇಥ್ ಶಾಪಿನಲ್ಲಿ ಉಬ್ಬಿಗೆ ವೆಲ್ಡಿಂಗ್ ಹಾಕಿಸಿ ಉಜ್ಜಿಸಿದ್ದು. ಮೂರನೆಯದು ಬ್ಯಾಂಕಿನವರ ಭಾವಮೈದ ಲಂಡನ್ನಿನಿಂದ ತಂದದ್ದು. ನಿಮ್ಮ ತಾತ ಮೂರಕ್ಕೂ ಬಣ್ಣದ ಶಾಯಿಯಲ್ಲಿ ನಕ್ಷೆ ಬರೆದು ದೇವರ ಪಟಗಳ ಪಕ್ಕ ಅಂಟಿಸಿದರು. ನಾನು ಬೆಳಗ್ಗೆ ಊದುಬತ್ತಿ ಬೆಳಗುವಾಗ ಆ ಹೊಗೆ ಮೂರು ಗ್ರಾಫುಗಳಿಗೂ ಸಲ್ಲುತ್ತಿತ್ತು. ನಾಲ್ಕು ಶನಿವಾರ ಚರ್ಚೆ ನಡೆಯಿತು. ಕಡೆಗೆ ಲಂಡನ್ನಿನದೇ ಆಗಬೇಕೆಂದು ಒಪ್ಪಿದರು. ಕಾರಣ ಏನೆಂದು ಬ್ಯಾಂಕಿನವರು ಬರೆದುಕೊಂಡಿದ್ದರು: "ಲಂಡನ್ನಿನದಾದ ಕಾರಣ."

ನೀವು ಎಷ್ಟು ಸ್ಪೀಡಿನಲ್ಲಿ ಹೋಗುತ್ತೀರಿ, ಎಲ್ಲಿಗೆ ಹೋಗುತ್ತೀರಿ, ಹಿಂದೆ ಯಾರು ಕೂರುತ್ತಾರೆ ಎಂದು ಯಾರೂ ಯಾರನ್ನೂ ಕೇಳಲಿಲ್ಲ.

ಗಾಡಿ ಬಿಚ್ಚಿ ವರಾಂಡದಲ್ಲಿ ಹರವಿದರು. ಮೊದಲನೆಯ ಎಣ್ಣೂರು ಭಾನುವಾರ ಹಾಗೆ ಹೋಯಿತು. ಬಸ್ಸಿನಲ್ಲಾದರೂ ಹೋಗೋಣವೇ ಎಂದು ಕೇಳಿದೆ. "ಗಾಡಿ ಇಟ್ಕೊಂಡಿರೋರು ಬಸ್ಸಲ್ಲಿ ಹೋಗೋದಾ? ಜನ ಏನಂತಾರೆ?" ಎಂದರು. ಒಬ್ಬಳೇ ಹೋಗಲು, ನಡುವೆ ಬಸ್ಸು ಬದಲಿಸಲು, ಕಂಡಕ್ಟರನ್ನು ಕೇಳಲು ನನಗೆ ಧೈರ್ಯವಿರಲಿಲ್ಲ.

ಹಳೆಯ ಕ್ಯಾಮ್ ಜೋಡಿಯನ್ನು ನನ್ನ ಕೈಗಿತ್ತು, "ಹಳೇ ಕಬ್ಬಿಣದವನು ಬಂದ್ರೆ ಹಾಕ್ಬಿಡು" ಎಂದರು. ಇಪ್ಪತ್ತು ವರ್ಷ ನನ್ನನ್ನು ಅಕ್ಕನ ಮನೆಗೆ ಒಯ್ದ ಕಬ್ಬಿಣ ಅದು. ನನಗೆ ಮನಸ್ಸಾಗಲಿಲ್ಲ. ತೊಳೆದು, ಒರೆಸಿ, ಖಾಲಿಯಿದ್ದ ಉಪ್ಪಿನಕಾಯಿ ಭರಣಿಗೆ ಹಾಕಿ, ಮುಳುಗುವಷ್ಟು ಎಳ್ಳೆಣ್ಣೆ ಸುರಿದು ಬಾಯಿಗೆ ಬಟ್ಟೆ ಕಟ್ಟಿದೆ. ಮಾವಿನಮಿಡಿ ಕೆಡದ ಹಾಗೆ ಇರುವ ಎಣ್ಣೆಯಲ್ಲಿ ಕಬ್ಬಿಣ ತುಕ್ಕು ಹಿಡಿಯಲಾರದು ಎಂದುಕೊಂಡೆ.

ಅಷ್ಟರಲ್ಲಿ ಆಯುಧಪೂಜೆ ಬಂತು. ಮಣೆಯ ಮೇಲೆ ಈಳಿಗೆ, ಹೊಲಿಗೆ ಯಂತ್ರದ ಕತ್ತರಿ, ನಿಮ್ಮ ತಾತನ ನಕ್ಷೆಯ ಪೆಟ್ಟಿಗೆ, ಲಂಡನ್ನಿನ ಕ್ಯಾಮ್ ಜೋಡಿ, ಅವನ್ನು ತಿರುಗಿಸುವ ಸಣ್ಣ ಹಲ್ಲಿನ ಚಕ್ರ ಎಲ್ಲವನ್ನೂ ಇಟ್ಟೆವು. ಎಲ್ಲಕ್ಕೂ ನಾನು ಗಂಧ ತೇದು ಹಚ್ಚಿ, ಅದರ ಮೇಲೆ ಕುಂಕುಮ ಇಟ್ಟೆ. ಕ್ಯಾಮಿನ ಚಕ್ರಗಳಿಗೆ ಹಣೆ ಯಾವ ಕಡೆ ಎಂದು ಗೊತ್ತಾಗಲಿಲ್ಲ. ಚೆನ್ನಾಗಿ ಕಾಣುವ ಕಡೆ ನೋಡಿ, ಹಲ್ಲಿನ ಅಂಚಿಗೆ ಒಂದೊಂದು ಬೊಟ್ಟು ಇಟ್ಟೆ.

ಮರುದಿನ ವಿಜಯದಶಮಿ, ಹೊಸದನ್ನು ಶುರು ಮಾಡುವ ದಿನ. ಮೆಕ್ಯಾನಿಕ್ಕನ್ನು ಕರೆಯುವುದು ತಮ್ಮ ನಕ್ಷೆಗಳಿಗೆ ಕುಂದೆಂದು ಮೂವರೂ ತಾವೇ ಜೋಡಿಸಲು ಕೂತರು. ಕೈಪಿಡಿಯ ಜೆರಾಕ್ಸ್ ಓದುತ್ತಿದ್ದವರು ಬ್ಯಾಂಕಿನವರು.

"ಚಕ್ರಗಳ ಮೇಲೆ ಚುಕ್ಕೆ ಗುರುತು ಇರುತ್ತಂತೆ. ಚುಕ್ಕೆಗೆ ಚುಕ್ಕೆ ಸೇರಿಸಿ ಹಾಕ್ಬೇಕಂತೆ."

"ಚುಕ್ಕೆ ಎಲ್ಲಿ ಸಾರ್?" ಸೌಂಡಿನವರು ಕನ್ನಡಕ ಏರಿಸಿದರು.

"ಇಲ್ಲೇ ಇದೆಯಲ್ರೀ, ಕೆಂಪಗೆ!"

"ಅದು ಕುಂಕುಮ ಅಲ್ವಾ?"

"ಕುಂಕುಮಾನೇ. ಗುರುತು ಅದರ ಕೆಳಗಿರುತ್ತೆ. ನಮ್ಮನೆಯವಳು ನೋಡಿ, ಬೊಟ್ಟು ಇಡೋದೂ ಕರೆಕ್ಟಾಗಿ ಚುಕ್ಕೆ ಮೇಲೇ ಇಟ್ಟಿದಾಳೆ," ಎಂದರು ನಿಮ್ಮ ತಾತ. ಮದುವೆಯಾದ ಮೇಲೆ ಅವರು ನನ್ನ ಕೆಲಸವನ್ನು ಹೊರಗಿನವರ ಮುಂದೆ ಹೊಗಳಿದ್ದು ಅದೇ ಮೊದಲು.

"ಒರೆಸಿ ನೋಡೋಣ್ವಾ?"

"ಪೂಜೆ ಕುಂಕುಮ ಒರೆಸ್ತಾರೇನ್ರೀ? ಅದಾಗೇ ಉದುರ್ಬೇಕು."

ಸೌಂಡಿನವರು ಕೆನ್ನೆ ಬಡಿದುಕೊಂಡರು. ಮೂವರೂ ಸೇರಿ ನನ್ನ ಬೊಟ್ಟಿಗೆ ನನ್ನ ಬೊಟ್ಟನ್ನು ಜೋಡಿಸಿದರು.

ನಿಜವಾದ ಗುರುತು ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಗಂಧ ಹಚ್ಚುವಾಗ ಬೆರಳಿಗೆ ಒಂದು ಗುಳಿ ಸಿಕ್ಕಿತ್ತು, ಗಂಧದಲ್ಲಿ ಅದು ಮುಚ್ಚಿಹೋಗಿತ್ತು. ಬೊಟ್ಟು ಅದರ ಮೇಲಿರಲಿಲ್ಲ. ನಾನು ಬಾಗಿಲ ಹಿಂದೆ ನಿಂತು ಎಲ್ಲವನ್ನೂ ಕೇಳಿದೆ. ಹೇಳಬಹುದಿತ್ತು. ಗಂಡಸರ ಸಭೆಗೆ ಹೋಗಿ ಮಾತಾಡಲು ನಾಚಿಕೆಯಾಯಿತು ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಈಗ ನಿಮ್ಮ ಹತ್ತಿರ ಮುಚ್ಚಿಡುವುದೇನು, ಇದು ಕೆಟ್ಟುಹೋದರೆ ಹಳೆಯದೇ ಬರಬಹುದು ಎಂಬ ಆಸೆಯೂ ಇತ್ತು. ಜೊತೆಗೆ, ಮೊದಲ ಸಲ ಸಿಕ್ಕ ಹೊಗಳಿಕೆಯನ್ನು ಅರ್ಧ ಗಂಟೆಯಲ್ಲೇ ವಾಪಸು ಕೊಡಲು ಮನಸ್ಸು ಬರಲಿಲ್ಲ.

ನಿಂಬೆಹಣ್ಣು ಚಕ್ರದ ಕೆಳಗಿಟ್ಟು ನಿಮ್ಮ ತಾತ ಕಿಕ್ ಹೊಡೆದರು. ಒಳಗೆ ಟಣ್ ಎಂದಿತು. ಕಿಕ್ಕರ್ ತಿರುಗಿ ಒದ್ದು ಅವರನ್ನು ತುಳಸಿ ಕುಂಡದ ಮೇಲೆ ಕೂರಿಸಿತು. ಸೌಂಡಿನವರು ಕಣ್ಣು ಮುಚ್ಚಿಯೇ ಇದ್ದರು. "ಟ್ರೆಬಲ್ ಚೆನ್ನಾಗಿ ಬಂತು ಸಾರ್," ಎಂದರು.

ಹಿಮ್ಮಡಿ ಊದಿತು. ಎರಡನೆಯ ಭಾನುವಾರವೂ ಹೋಯಿತು. ಸಮಿತಿ ಪೆಟ್ರೋಲನ್ನು ದೂರಿತು, ಆಮೇಲೆ ಮದ್ರಾಸಿನ ಹವೆಯನ್ನು, ಆಮೇಲೆ ಭಾವಮೈದನನ್ನು. ಮೂರನೆಯ ಭಾನುವಾರವೂ ದೂರುವುದರಲ್ಲೇ ಕಳೆದ ಮೇಲೆ ಪುದುಪೇಟೆಯ ಮೆಕ್ಯಾನಿಕ್ಕಿಗೆ ಹೇಳಿಕಳಿಸಿದರು. ಆತ ವಯಸ್ಸಾದವನು. ಚಿಕ್ಕಂದಿನಲ್ಲಿ ಬೆಂಗಳೂರಿನ ಗ್ಯಾರೇಜಿನಲ್ಲಿ ಕೆಲಸ ಮಾಡಿದ್ದರಿಂದ ಅವನಿಗೆ ತನ್ನದೇ ಒಂದು ಕನ್ನಡ ಇತ್ತು. ಇಂಜಿನ್ನಿನ ಮುಚ್ಚಳ ತೆಗೆದು ಬಗ್ಗಿ ನೋಡಿದ.

"ಯಾರು ಸಾರ್ ಇಂದ ಪೊಟ್ಟು ವಚ್ಚದು?" ಈ ಬೊಟ್ಟು ಇಟ್ಟವರು ಯಾರು ಎಂದು ಕೇಳಿದ.

ನಿಮ್ಮ ತಾತ ಅಡುಗೆಮನೆಯ ಕಡೆ ನೋಡಿದರು. ನಾನು ಬಾಗಿಲ ಹಿಂದೆ ಇನ್ನೂ ಸರಿದೆ. ಮೆಕ್ಯಾನಿಕ್ಕು ಬನಿಯನ್ನಿನ ತುದಿಯಿಂದ ಕುಂಕುಮ ಒರೆಸಿ, ಗಂಧವನ್ನು ಮೊಳೆಯಿಂದ ಕೆರೆದು, ಗುಳಿ ತೋರಿಸಿದ. ಸಮಿತಿ ಕೆಮ್ಮಿತು. ಬ್ಯಾಂಕಿನವರು ಆ ದಿನ ನಡಾವಳಿ ಬರೆಯಲಿಲ್ಲ.

ಬಾಗಿದ ಕಡ್ಡಿಯನ್ನು ಬದಲಿಸಿ ಸರಿಯಾಗಿ ಜೋಡಿಸುತ್ತಾ ಆತ ನನಗೆ ಕೇಳುವ ಹಾಗೆ ಹೇಳಿದ. "ಈ ಕ್ಯಾಮ್ ಬ್ಯಾಡಮ್ಮಾ ನಿಮ್ಗೆ. ಕಲ್ಯಾಣ ಮಂಟಪ ಇದೆ ಅಂತ ಇಟ್ಕೊಳ್ಳಿ. ಊಟದ ಹಾಲ್‌ಗೆ ಮುಂದೆ ಒಂದು ಬಾಗ್ಲು, ಹಿಂದೆ ಒಂದು ಬಾಗ್ಲು. ಮುಹೂರ್ತದ ದಿವ್ಸ ಎರಡೂ ತೆಗ್ದು ಬಿಟ್ರೆ ಜನ ತಳ್ಕೊಂಡ್ ಬರ್ತಾರೆ, ಪಂತಿ ಫುಲ್. ಸುಮ್ನೆ ದಿವ್ಸ ಎರಡೂ ತೆಗ್ದು ಇಟ್ರೆ? ಮುಂದೆ ಬಂದೋನು ಊಟ ಮಾಡ್ದೆ ಹಿಂದೆ ಹೋಗ್ಬಿಡ್ತಾನೆ. ರೇಸ್ ಓಡ್ಸೋರಿಗೆ ದಿನಾ ಮುಹೂರ್ತ. ನಿಮ್ಗೆ ಏನಿದೆ?"

"ಪವರ್ ಬೇಕಪ್ಪಾ," ಎಂದರು ನಿಮ್ಮ ತಾತ.

"ತಗೊಳ್ಳಿ ಸಾರ್, ಪವರ್."

ಹೋಗುವಾಗ ನೀರು ಕೇಳಿಕೊಂಡು ಹಿತ್ತಲ ಬಾಗಿಲಿಗೆ ಬಂದ. ಹಳೆಯದು ಇದೆಯೇ ಎಂದು ಮೆಲ್ಲಗೆ ಕೇಳಿದ. ನಾನು ಭರಣಿಯ ಬಟ್ಟೆ ಬಿಚ್ಚಿ ತೋರಿಸಿದೆ. ಎಣ್ಣೆಯೊಳಗೆ ಇಣುಕಿ ನೋಡಿ ಅವನಿಗೆ ನಗು ತಡೆಯಲಾಗಲಿಲ್ಲ. "ಪತ್ತಿರಮಾ ವಚ್ಚುಕ್ಕೋಂಗಮ್ಮಾ," ಎಂದ. ಜೋಪಾನವಾಗಿಟ್ಟುಕೊಳ್ಳಿ ಎಂದು ನಾನು ತಿಳಿದುಕೊಂಡೆ; ಈ ಮಾತಿನ ಅರ್ಥ ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ನಾಲ್ಕನೆಯ ಭಾನುವಾರ ಹೊರಟೆವು. ಗಾಡಿಯ ಸದ್ದೇ ಬೇರೆಯಾಗಿತ್ತು, ಎಣಿಸಲು ಆಗುತ್ತಿರಲಿಲ್ಲ. ಗಂಟಲು ಕಟ್ಟಿದವರು ಜಗಳವಾಡಿದ ಹಾಗೆ. ಓಣಿಯ ಕೊನೆಯಲ್ಲಿ ಒಮ್ಮೆ ನಿಂತಿತು. ಸಿಗ್ನಲಿನಲ್ಲಿ ನಿಂತಿತು. ರಸ್ತೆ ಖಾಲಿಯಿದ್ದಲ್ಲಿ ಒಂದು ಸಲ, ಒಂದು ಫರ್ಲಾಂಗಿನಷ್ಟು, ಬಾಣದ ಹಾಗೆ ಹೋಯಿತು. ನನ್ನ ಚೀಲದಿಂದ ಅಕ್ಕನಿಗೆ ಒಯ್ಯುತ್ತಿದ್ದ ಕೋಡುಬಳೆಯ ಪೊಟ್ಟಣ ಹಾರಿಹೋಯಿತು. ನಿಮ್ಮ ತಾತ ಹಿಂತಿರುಗಿ, "ನೋಡಿದ್ಯಾ!" ಎಂದು ಕೂಗಿದರು. ಕೋಡುಬಳೆ ಹೋದದ್ದನ್ನು ನೋಡಿದ್ದೆ.

ತಿರುವೊಟ್ಟಿಯೂರಿನ ಹತ್ತಿರ ಬಂದರಿಗೆ ಹೋಗುವ ಕಂಟೇನರ್ ಲಾರಿಗಳು ಸಾಲುಗಟ್ಟಿದ್ದವು. ಅಲ್ಲಿ ಆಮೆಯಂತೆ ತೆವಳಬೇಕು. ಹಳೆಯ ಕ್ಯಾಮ್ ಇದ್ದಾಗ ಡುಗ್ ಡುಗ್ ಎಂದು ನಡೆದುಕೊಂಡು ಹೋಗುವ ಗಾಡಿ ಈಗ ಹತ್ತು ಹೆಜ್ಜೆಗೊಮ್ಮೆ ಉಸಿರು ಬಿಟ್ಟು ನಿಲ್ಲತೊಡಗಿತು. ನಿಂತಾಗಲೆಲ್ಲ ನಾನು ಇಳಿಯಬೇಕು, ಅವರು ಒದೆಯಬೇಕು. ಏಳನೆಯ ಸಲ ಅವರ ಚಪ್ಪಲಿ ಹಾರಿ ಲಾರಿಯ ಕೆಳಗೆ ಹೋಯಿತು. ಮೇಲಿನಿಂದ ಲಾರಿಯವನು, "ಪೆರಿಯವರೇ, ವಂಡಿಯ ಪಿನ್ನಾಡಿ ಕಟ್ಟಿಕ್ಕಲಾಮಾ?" ಎಂದ. ಗಾಡಿಯನ್ನು ಲಾರಿಯ ಹಿಂದೆ ಕಟ್ಟಿಕೊಳ್ಳಲೇ ಎಂದು. ಸುತ್ತ ನಿಂತವರೆಲ್ಲ ನಕ್ಕರು. ನಾನು ಸೆರಗು ಹೊದ್ದು ರಸ್ತೆಯ ಅಂಚಿನ ಕಲ್ಲಿನ ಮೇಲೆ ಕೂತೆ. ಬಿಸಿಲು ನೆತ್ತಿಗೆ ಬಂದಿತ್ತು. ಅಲ್ಲಿ ಅಕ್ಕ ಸೇತುವೆಯ ಕಡೆ ಕಿವಿಯಿಟ್ಟು ಕೂತಿರುತ್ತಾಳೆ. ಇನ್ನು ಉಳಿಯುವುದು ಎರಡೇ ಭಾನುವಾರ.

"ರೀ," ಎಂದೆ. ರಸ್ತೆಯಲ್ಲಿ, ಅಷ್ಟು ಜನರ ನಡುವೆ, ಲಾರಿಗಳ ಸದ್ದಿನ ಮೇಲೆ. "ನಂಗೆ ಹಳೇದೇ ಬೇಕು."

"ಏನು ಹಳೇದು?"

"ಹಳೇ ಕ್ಯಾಮ್. ನಾನು ಯಾರನ್ನೂ ಓವರ್‌ಟೇಕ್ ಮಾಡಬೇಕಾಗಿಲ್ಲ. ಅಕ್ಕನ ಮನೆ ತಲುಪಿದ್ರೆ ಸಾಕು."

"ಅದನ್ನ ಹಳೇ ಕಬ್ಬಿಣಕ್ಕೆ ಹಾಕಿದ್ಯಲ್ಲೇ?"

"ಹಾಕಿಲ್ಲ. ಉಪ್ಪಿನಕಾಯಿ ಭರಣೀಲಿದೆ."

ಒಂದು ಕಾಲಿಗೆ ಚಪ್ಪಲಿ ಇಲ್ಲದೆ ನಿಂತಿದ್ದ ನಿಮ್ಮ ತಾತ ನನ್ನನ್ನು ಬಹಳ ಹೊತ್ತು ನೋಡಿದರು. ನಾನು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಅವರೂ ಕೇಳಿರಲಿಲ್ಲ. ಆಮೇಲೆ ಗಾಡಿಯನ್ನು ಮನೆಯ ಕಡೆ ತಿರುಗಿಸಿದರು.

ಮುಂದಿನ ಸಭೆಯ ನಡಾವಳಿ ಈಗಲೂ ನನ್ನ ಟ್ರಂಕಿನಲ್ಲಿದೆ. ಬ್ಯಾಂಕಿನವರ ಅಕ್ಷರ ಮುತ್ತಿನಂಥದು. ಮದ್ರಾಸಿನ ರಸ್ತೆ, ಹವೆ ಮತ್ತು ವಾಹನ ದಟ್ಟಣೆಯನ್ನು ದೀರ್ಘವಾಗಿ ಅಧ್ಯಯನ ಮಾಡಿದ ಸಮಿತಿಯು, ಕಾರ್ಖಾನೆಯ ಮೂಲ ಕ್ಯಾಮ್ ಜೋಡಿಯೇ ಸರ್ವಶ್ರೇಷ್ಠವೆಂದು ಸರ್ವಾನುಮತದಿಂದ ಕಂಡುಹಿಡಿದಿದೆ ಎಂದು ಬರೆದಿದ್ದಾರೆ. ಎಳ್ಳೆಣ್ಣೆಯಲ್ಲಿ ಸಂರಕ್ಷಿಸುವ ವಿಧಾನವೂ ಸಮಿತಿಯದೇ ಆಗಿತ್ತು. ನಾನು ಕಾಫಿ ಕೊಟ್ಟು ಒಳಗೆ ಬಂದೆ. ಮೆಕ್ಯಾನಿಕ್ಕು ಹಳೆಯದನ್ನು ಹಾಕಿದ ದಿನ ಸೌಂಡಿನವರು ಕಣ್ಣು ಮುಚ್ಚಿ ಕೇಳಿ, "ಬೇಸ್ ವಾಪಸ್ ಬಂತು ಸಾರ್," ಎಂದರು. ಅವರ ಕಿವಿಯನ್ನು ನಾನು ನಂಬಿದ್ದು ಆ ಒಂದು ಸಲ. ಇಂಜಿನ್ನು ಬಿಸಿಯಾದಾಗ ವರಾಂಡದಲ್ಲೆಲ್ಲ ಎಳ್ಳೆಣ್ಣೆಯ ವಾಸನೆ ಹರಡಿತ್ತು.

ಐದನೆಯ ಭಾನುವಾರ ಸೇತುವೆ ದಾಟಿ ಮೆಟ್ಟಿಲು ಹತ್ತಿದಾಗ ಎಸರು ಕುದಿಯುತ್ತಿತ್ತು. ಅಕ್ಕ ಕೋಲು ಹಿಡಿದು ಒಲೆಯ ಮುಂದೆ ನಿಂತಿದ್ದಳು.

"ಸೇತುವೆ ತಾವ್ಲೇ ಗೊತ್ತಾಯ್ತು ಕನಮ್ಮಿ. ಹೋದ್ ದಪ ಮೂರ್ ಗಂಟೆಗಂಟ ಬಾಗ್ಲಲ್ಲೇ ಕುಂತಿದ್ದೆ. ಎಷ್ಟೊಂದ್ ಗಾಡಿ ಬಂದೊ. ಒಂದೂ ನಿಮ್ದಲ್ಲ."

ನಾನು ಬೊಟ್ಟಿನ ವಿಷಯ ಹೇಳಿದೆ. ಗುಳಿ ಎಲ್ಲಿತ್ತೆಂದು ಗೊತ್ತಿದ್ದೂ ಸುಮ್ಮನಿದ್ದದ್ದನ್ನೂ ಹೇಳಿದೆ.

"ಅಯ್ಯೋ, ನಿನ್ ಮನೆ ಕಾಯ್ವಾಗ! ಬಾಯ್ ಬುಟ್ಟು ಒಂದ್ ಮಾತ್ ಹೇಳಕ್ಕಾಗ್ನಿಲ್ವಾ? ಎರಡ್ ಬಾನ್ವಾರ ಕಳ್ದೆಯಲ್ಲಮ್ಮಿ!" ಎಂದು ಅಕ್ಕ ಕೋಲಿನಲ್ಲೇ ಹೊಡೆಯಲು ಬಂದಳು. ಆಮೇಲೆ ಇಬ್ಬರೂ ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆವು. ಆ ದಿನದ ಮುದ್ದೆ ಗಂಟಾಯಿತು.

ಆರನೆಯ ಭಾನುವಾರವೂ ಹೋದೆವು. ಸಂಕ್ರಾಂತಿ ಕಳೆದ ಮೇಲೆ ಅಕ್ಕ ಊರಿಗೆ ಹೊರಟುಹೋದಳು. ಆ ಸೇತುವೆಯ ಕಡೆ ನಾವು ಮತ್ತೆ ಹೋಗಲಿಲ್ಲ. ನಾನು ಕಳೆದುಕೊಂಡದ್ದು ನಾಲ್ಕು ಭಾನುವಾರ. ಅದರಲ್ಲಿ ಎರಡನ್ನಾದರೂ ನಾನೇ, ಬಾಗಿಲ ಹಿಂದೆ ನಿಂತು ಕಳೆದೆ.

ಚಿನ್ನು, ಗುಂಡ, ಲಂಡನ್ನಿನ ಜೋಡಿ ಈಗ ಎಲ್ಲಿದೆ ಎಂದು ನಿಮಗೆ ಮಾತ್ರ ಹೇಳುತ್ತೇನೆ. ಅದೇ ಭರಣಿಯಲ್ಲಿ, ಎಣ್ಣೆಯೊಳಗೆ. ನಿಮ್ಮ ಅಪ್ಪ ಕಂಪ್ಯೂಟರಿನಲ್ಲಿ ದೇಶದೇಶ ಸುತ್ತಿ ಹುಡುಕುತ್ತಿರುವುದು ಅವನ ತಲೆಯ ಮೇಲಿನ ಅಟ್ಟದಲ್ಲೇ ಇದೆ. ಹುಡುಕಲಿ ಬಿಡಿ. ಅವನು ಸ್ಪ್ಯಾನರ್ ಕೈಗೆತ್ತಿಕೊಂಡ ದಿನ ನಿಮ್ಮ ಅಮ್ಮ ಹಿಂದಿನ ಸೀಟಿನಲ್ಲಿ ಕೂತು ಯಾರ ಮನೆಗೆ ಹೋಗುತ್ತಾಳೆ ಎಂದು ಮೊದಲು ಅವಳನ್ನು ಕೇಳಿ. ಅವಳು ನಾಚಿಕೊಂಡು ಸುಮ್ಮನಿದ್ದರೆ ಇನ್ನೊಂದು ಸಲ ಕೇಳಿ. ಅಷ್ಟು ಹೊತ್ತಿಗೆ ನಾನಿರುತ್ತೇನೋ ಇಲ್ಲವೋ. ಗಾಡಿಯ ಎಡಪಕ್ಕದಲ್ಲಿ ಟೂಲ್ಸ್ ಇಡುವ ತಗಡಿನ ಪೆಟ್ಟಿಗೆ ಇದೆಯಲ್ಲ, ಈ ಹಾಳೆಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅದರಲ್ಲಿ, ಕೈಪಿಡಿಯ ಮೇಲೆ ಇಡಿ. ಇಂಜಿನ್ ಬಿಚ್ಚಲು ಬಂದವರ ಕೈಗೆ ಮೊದಲು ಇದೇ ಸಿಗಲಿ. ಮೆಕ್ಯಾನಿಕ್ಕು ಆ ದಿನ ನನಗೆ ಹೇಳಿದ ಮಾತನ್ನೇ ಈಗ ನಾನು ನಿಮ್ಮ ಭಾಷೆಯಲ್ಲಿ ನಿಮಗೆ ಹೇಳುತ್ತೇನೆ: ಪತ್ತಿರಮಾ ವಚ್ಚುಕ್ಕೋಂಗ.